ಲಿಟರಲಿ ಮತ್ತು ಅಕ್ಷರಶಃ

ಈಗೀಗ ಆಫೀಸಲ್ಲಿ ಎಲ್ಲಾ 'ಲಿಟರಲಿ'ಯೇ. ತಲೆ ಲಿಟರಲಿ ಸಿಡಿಯುತ್ತೆ, ಮ್ಯಾನೇಜರ್ ಲಿಟರಲಿ ಪ್ರಾಣ ತಿಂತಾರೆ, ಸರ್ವರ್ ಲಿಟರಲಿ ಸತ್ತು ಹೋಗುತ್ತೆ. ಇಷ್ಟೆಲ್ಲಾ ಆದ ಮೇಲೂ ಸಂಜೆ ನಾಲ್ಕಕ್ಕೆ ಎಲ್ಲರೂ ಜೀವಂತವಾಗಿ ಕಾಫಿಗೆ ಬರ್ತಾರೆ :-)

ಈ ಪದದ ಮೂಲ ಲ್ಯಾಟಿನ್ನಿನ 'ಲಿಟೆರಾ', ಅಂದರೆ ಅಕ್ಷರ. ಅಕ್ಷರ ಏನು ಹೇಳುತ್ತೋ ಅಷ್ಟೇ, ಉಪಮೆ ಉತ್ಪ್ರೇಕ್ಷೆ ಏನೂ ಇಲ್ಲ ಅನ್ನೋದು ಮೊದಲ ಅರ್ಥ. ಇದು ಕೆಟ್ಟಿದ್ದು ಈಗಿನ ಹುಡುಗರಿಂದ ಅಂತ ಬೈಯೋರು ಸ್ವಲ್ಪ ತಾಳಿ. ಉತ್ಪ್ರೇಕ್ಷೆಗೆ ಬಳಸೋದು 1769ರ ಫ್ರಾನ್ಸೆಸ್ ಬ್ರೂಕ್ ಕಾದಂಬರಿಯಲ್ಲೇ ಇದೆ. 1876ರ ಟಾಮ್ ಸಾಯರ್‌ನಲ್ಲಿ ಮಾರ್ಕ್ ಟ್ವೇನ್ ಕೂಡ ಹಾಗೇ ಬಳಸಿದ್ದಾನೆ. 1909ರಲ್ಲಿ ಆಂಬ್ರೋಸ್ ಬಿಯರ್ಸ್ ಈ ಬಳಕೆಯನ್ನು ತಪ್ಪುಗಳ ಪಟ್ಟಿಗೆ ಸೇರಿಸಿದ. ಅದೇ ವರ್ಷ ಮೆರಿಯಮ್-ವೆಬ್‌ಸ್ಟರ್ ನಿಘಂಟು ಅದನ್ನು ಅರ್ಥಗಳ ಪಟ್ಟಿಗೆ ಸೇರಿಸಿತು! ಆಕ್ಸ್‌ಫರ್ಡ್ ನಿಘಂಟಿನಲ್ಲೂ ಇದೆ ಅಂತ 2013ರಲ್ಲಿ ಸುದ್ದಿಯಾದಾಗ ಇಂಗ್ಲಿಷ್ ಪತ್ರಿಕೆಗಳಲ್ಲಿ ದೊಡ್ಡ ಗಲಾಟೆಯೇ ಆಯ್ತು.

ನಿಘಂಟು ಜನ ಆಡಿದ್ದನ್ನು ಬರೆದಿಡುತ್ತೆ, ಆಡಬೇಡಿ ಅಂತ ತಡೆಯಲ್ಲ. 'ನಿಜ' ಅನ್ನೋ ಪದಗಳ ಹಣೆಬರಹವೇ ಇಷ್ಟು. 'ವೆರಿ' ಕೂಡ ಒಂದು ಕಾಲಕ್ಕೆ 'ನಿಜವಾದ' ಅಂತಲೇ ಇತ್ತು, ಈಗ ಬರೀ 'ತುಂಬಾ'.

ನನ್ನ ತಕರಾರು ಇರೋದು ನಮ್ಮ 'ಅಕ್ಷರಶಃ' ಬಗ್ಗೆ. ಅದೂ ಅಕ್ಷರದಿಂದಲೇ ಹುಟ್ಟಿದ್ದು, ಅದೂ ಅದೇ ದಾರಿ ಹಿಡಿದಿದೆ. ಮಾರ್ಕೆಟ್ಟು ಅಕ್ಷರಶಃ ಜಾತ್ರೆ, ರಸ್ತೆ ಅಕ್ಷರಶಃ ಕೆರೆ. ಹರಟೆಗಾದ್ರೆ ಸರಿ. ಆದರೆ ಮಳೆಗಾಲದಲ್ಲಿ ಟೀವಿಯ ಕೆಳಗೆ 'ಗ್ರಾಮ ಅಕ್ಷರಶಃ ಮುಳುಗಡೆ' ಅಂತ ಓಡಿದರೆ? ಆ ಊರಲ್ಲಿ ಅಪ್ಪ ಅಮ್ಮನನ್ನು ಬಿಟ್ಟು ಬಂದು ಬೆಂಗಳೂರಲ್ಲಿ ಕೂತವನು ಏನಂತ ತಿಳ್ಕೋಬೇಕು? ನೀರು ಬಸ್‌ಸ್ಟ್ಯಾಂಡಿಗೆ ಬಂದಿದೆ ಅಂತಲೋ, ಮನೆಯ ಸೂರಿನ ತನಕ ಬಂದಿದೆ ಅಂತಲೋ? ಅಂಥ ಹೊತ್ತಲ್ಲೇ ಫೋನೂ ಸಿಗಲ್ಲ. ಸುಮ್ಮಸುಮ್ಮನೆ ಬಳಸಿ ಸವೆಸಿಬಿಟ್ಟರೆ, ನಿಜವಾಗಿ ಊರು ಮುಳುಗಿದ ದಿನ ಹೇಳೋಕೆ ನಮ್ಮ ಹತ್ರ ಯಾವ ಪದ ಉಳಿದಿರುತ್ತೆ?

ನಮ್ಮ ಕೆಲಸದಲ್ಲಿ ಎಲ್ಲಾ ಬಗ್‌ಗಳಿಗೂ 'ಅರ್ಜೆಂಟ್' ಅಂತ ಹಾಕಿದ್ರೆ ಯಾವುದೂ ಅರ್ಜೆಂಟಲ್ಲ ಅಂತಲೇ ಅರ್ಥ. ಪದಗಳಿಗೂ ಅದೇ ನ್ಯಾಯ. ಹರಟೆಯಲ್ಲಿ ಲಿಟರಲಿ ಇರಲಿ, ಅಕ್ಷರಶಃವೂ ಇರಲಿ. ವರದಿ ಬರೆಯೋರು ಮಾತ್ರ ಅದರ ಬದಲು ಎಷ್ಟು ಮನೆ, ಎಷ್ಟು ಅಡಿ ನೀರು ಅಂತ ಬರೆದರೆ ದೂರದಲ್ಲಿ ಕೂತವರಿಗೆ ಉಪಕಾರ ಆಗುತ್ತೆ.

ನೀವೇನಂತೀರಿ?