ವರದಿಯ ಹೊದಿಕೆ, ಚಿಂದಿ ಆಯುವವರ ಕೂಲಿ

ಸರ್ಕಾರಿ ಕಚೇರಿಗಳಲ್ಲಿ ಇಂದು ವರದಿಯೆಂದರೆ ಹಿಂದೆ ಮುಂದೆ ಹೊಳೆಯುವ ಪ್ಲಾಸ್ಟಿಕ್ ಹಾಳೆ, ಬೆನ್ನಿಗೆ ಸುರುಳಿ. ಒಳಗಿನ ಅಂಕಿಗಳು ಬರುವ ವರ್ಷಕ್ಕೇ ಹಳತು. ಹೊದಿಕೆ ಮಾತ್ರ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಕೊಳೆಯದು.

ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ರಾಜ್ಯ ಸರ್ಕಾರ 2016ರಲ್ಲಿ ನಿಷೇಧಿಸಿತು. 2022ರ ಜುಲೈ 1ರಿಂದ ಕೇಂದ್ರದ ನಿಷೇಧವೂ ಬಂತು. ಸಂತೆಯಲ್ಲಿ ಸೊಪ್ಪು ಮಾರುವವಳಿಗೆ ದಂಡದ ಭಯ. ಸಾಹೇಬರ ವರದಿಯ ಹೊದಿಕೆಯನ್ನು ಕೇಳುವವರಿಲ್ಲ.

ಈಗ ‘ಪರಿಸರಸ್ನೇಹಿ’, ‘ಮರುಬಳಕೆ’ ಎಂಬ ಚೀಟಿ ಹೊತ್ತ ಹೊದಿಕೆಗಳು ಬಂದಿವೆ. ನಾವು ಬೇಡವೆನ್ನುವುದಿಲ್ಲ. ಆದರೆ ಚೀಟಿಯನ್ನು ನಂಬಿ ಕೊಂಡರೆ ಸಾಲದು. ಪಿ.ವಿ.ಸಿ. ಹಾಳೆಯನ್ನು ಸುಟ್ಟರೆ ಆಮ್ಲದ ಹೊಗೆಯೂ ಡಯಾಕ್ಸಿನ್ ವಿಷವೂ ಏಳುತ್ತವೆ, ಅದು ಕೂಡದು. ತ್ರಿಕೋನದೊಳಗೆ 5 ಎಂದಿರುವ ಪಾಲಿಪ್ರೊಪಿಲೀನ್ ಇರಲಿ. ಅದೂ ಕರಗಿಸಿದಷ್ಟು ಸಲ ಕಸುವು ಕಳೆದುಕೊಳ್ಳುತ್ತದೆ. ಆದ್ದರಿಂದ ಒಂದೇ ಹೊದಿಕೆಯನ್ನು ಬಿಚ್ಚಿ ಮತ್ತೊಂದು ವರದಿಗೆ ಹಾಕುವುದು ಮೇಲು. ರಟ್ಟು, ದಾರ ಸಾಕಾಗುವಲ್ಲಿ ಅದೂ ಬೇಡ.

ಮರುಬಳಕೆಯ ಮೊದಲ ಕೆಲಸಗಾರರು ಚಿಂದಿ ಆಯುವ ಬಡವರು. ಬೆಳಗಿನ ಜಾವ ಬರಿಗೈಯಲ್ಲಿ ತಿಪ್ಪೆ ಕೆದಕಿ ಅವರು ಆಯ್ದುಕೊಡದಿದ್ದರೆ ಕಾರ್ಖಾನೆಗೆ ಕರಗಿಸಲು ಏನಿದೆ? ಕಚೇರಿಗಳು ಟೆಂಡರಿನಲ್ಲಿ ಪ್ಲಾಸ್ಟಿಕ್ಕಿನ ಜಾತಿಯನ್ನು ಸ್ಪಷ್ಟವಾಗಿ ಬರೆಯಲಿ. ಆಯುವವರಿಗೆ ನ್ಯಾಯವಾದ ಬೆಲೆ ಕೊಟ್ಟು ಕೊಂಡ ಮಾಲೇ ಆಗಿರಬೇಕೆಂಬ ಷರತ್ತನ್ನೂ ಸೇರಿಸಲಿ. ಇದು ನಮ್ಮ ಒತ್ತಾಯ. ಆ ಕೈಗಳಿಗೆ ನ್ಯಾಯ ದೊರೆಯದೆ ಹೊದಿಕೆ ಎಷ್ಟು ಹಸಿರಾದರೇನು?