ಒತ್ತುವ ಬೆರಳು, ಹೊರುವ ಬೆನ್ನು

ನಮ್ಮಪ್ಪ ಹುಡುಗನಾಗಿದ್ದಾಗ ಊರ ಅಂಗಡಿಯ ಮೆಟ್ಟಿಲು ಹತ್ತಿದವನಲ್ಲ. ಬೀದಿಯಲ್ಲೇ ನಿಂತು, 'ಬುದ್ದೀ, ಕಾಲ್ ಕೆಜಿ ಬೆಲ್ಲ' ಅಂತ ಕೂಗಬೇಕು. ಕಾಸು ಜಗಲಿ ಮೇಲಿಡಬೇಕು. ಸಾಹುಕಾರ ಅದಕ್ಕೆ ನೀರು ಚಿಮುಕಿಸಿ ಎತ್ತಿಕೊಳ್ಳುತ್ತಿದ್ದ. ಪೊಟ್ಟಣ ಮೇಲಿಂದ ಬಂದು ಟವೆಲ್ಲಿಗೆ ಬೀಳುತ್ತಿತ್ತು.

ಆ ಮನೆಯ ಮೊದಲ ಪದವೀಧರ ನಾನು. ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಕೂತು ಮೊಬೈಲು ಒತ್ತುತ್ತೇನೆ. ದೊಡ್ಡ ಅಂಗಡಿಯೊಂದು ತನ್ನ ಆರ್ಡರ್ ವ್ಯವಸ್ಥೆ ಸುಧಾರಿಸಿದೆ. ಮೊದಲು ದುಡ್ಡು ಹೋಗಿ ಸಾಮಾನು ಬರುತ್ತಿರಲಿಲ್ಲ. ಈಗ ಹೋದ ಸಲ ಕೊಂಡದ್ದನ್ನು ನೆನಪಿಟ್ಟು ಮುಂದಿಡುತ್ತದೆ. ಚೀಲ ಯಾವ ರಸ್ತೆಯಲ್ಲಿದೆ ಅಂತ ನಕ್ಷೆಯಲ್ಲಿ ತೋರಿಸುತ್ತದೆ. ಬೇಡವಾದರೆ ವಾಪಸ್ಸು ತಗೊಳ್ಳುತ್ತದೆ. ಜಾತಿ ಕೇಳುವುದಿಲ್ಲ.

ಇದೇನು ಸಣ್ಣ ಮಾತೇ? ಸಂವಿಧಾನದ 15(2)ನೇ ವಿಧಿಯಲ್ಲಿ ಬಾವಿ, ಕೆರೆ, ಹೋಟೆಲುಗಳ ಜೊತೆ 'ಅಂಗಡಿ' ಎಂಬ ಪದವೂ ಇದೆ. ಹೆಸರು ಹಿಡಿದು ಹೇಳಬೇಕಾಯಿತೆಂದರೆ ಈ ದೇಶದ ಅಂಗಡಿಗಳು ಎಂಥವಿದ್ದವು, ಯೋಚಿಸಿ. ಯಂತ್ರ ಬಂದು ಹಳೇ ಅಂಗಡಿಯ ಆತ್ಮೀಯತೆ ಹೋಯಿತೆಂದು ಅಳುವವರೇ, ಆ ಆತ್ಮೀಯತೆ ನಿಮಗೇ ಇರಲಿ. ನಮಗೆ ಅದರಲ್ಲಿ ಪಾಲಿರಲಿಲ್ಲ.

ಆದರೆ ಗೆಳೆಯರೇ, ಹಿಗ್ಗುವ ಮುಂಚೆ ಬಾಗಿಲು ತೆಗೆದು ನೋಡಿ.

ಮೊನ್ನೆ ಹತ್ತು ಕೆಜಿ ಅಕ್ಕಿ ಹೊತ್ತ ಹುಡುಗ ಲಿಫ್ಟಿಲ್ಲದ ನನ್ನ ನಾಲ್ಕನೇ ಮಹಡಿಗೆ ಏದುಸಿರು ಬಿಡುತ್ತ ಬಂದ. ನೀರು ಕೊಟ್ಟೆ. ಲೋಟ ತುಟಿಗೆ ಸೋಕಿಸದೆ ಎತ್ತಿ ಕುಡಿದ.

'ಕಚ್ಚಿ ಕುಡಿಯಪ್ಪಾ' ಅಂದೆ.

ನಕ್ಕ. 'ಎದುರಿನ ಅಪಾರ್ಟ್‌ಮೆಂಟಲ್ಲಿ ನಾವು ಲಿಫ್ಟೇ ಹತ್ತಂಗಿಲ್ಲ ಅಣ್ಣಾ. ನೀವು ಲೋಟ ಕೊಡ್ತಿದೀರಿ' ಅಂದ. ಆಮೇಲೆ ಮೆಲ್ಲಗೆ, 'ಫೈವ್ ಸ್ಟಾರ್ ಕೊಡಿ ಅಣ್ಣಾ' ಅಂದ.

ಅಪ್ಪ ಹತ್ತದ ಮೆಟ್ಟಿಲು ಈಗ ಲಿಫ್ಟಾಗಿದೆ! ಕೊಳ್ಳುವವನ ಜಾತಿ ಪರದೆಯ ಹಿಂದೆ ಮರೆಯಾಯಿತು. ಹೊರುವವನ ಮೈ ಮರೆಯಾಗಲಿಲ್ಲ. 2020ರ ಕೊರೋನಾ ಕಾಲದಲ್ಲಿ ಬಾಗಿಲಾಚೆ ಇಟ್ಟು ಹೋಗುವುದಕ್ಕೆ 'ಕಾಂಟ್ಯಾಕ್ಟ್‌ಲೆಸ್' ಎಂದು ಹೆಸರಿಟ್ಟರು. ರೋಗಕ್ಕೆ ಅದು ಬೇಕಿತ್ತು, ಸರಿ. ಮುಟ್ಟದೆ ಕೊಡುವ ವಿದ್ಯೆಯನ್ನು ಈ ದೇಶಕ್ಕೆ ಯಾರೂ ಹೊಸದಾಗಿ ಕಲಿಸಬೇಕಿರಲಿಲ್ಲ. 2024ರ ಮಾರ್ಚಿನಲ್ಲಿ ಜೊಮ್ಯಾಟೊ ಕಂಪನಿ 'ಶುದ್ಧ ಸಸ್ಯಾಹಾರ' ಹೊರಲು ಬೇರೆ ಪಡೆ, ಅದಕ್ಕೆ ಹಸಿರು ಅಂಗಿ ಅಂತ ಸಾರಿತು. ಜನ ಉಗಿದ ಮೇಲೆ ಮರುದಿನವೇ ಹಸಿರು ಅಂಗಿ ಕೈಬಿಟ್ಟಿತು. ಅಂಗಿ ಬಿಚ್ಚಿದಷ್ಟು ಸುಲಭಕ್ಕೆ ಮಡಿ ಬಿಡುತ್ತದೆಯೇ?

ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ ಕಾನೂನು ಬಂದಿದೆ. ಪ್ರತಿ ಆರ್ಡರಿನಲ್ಲಿ ಕಾರ್ಮಿಕನಿಗೆ ಕೊಡುವ ಮೊತ್ತದ ಶೇ. 1ರಿಂದ 5ರವರೆಗೆ ಕಂಪನಿ ಕಲ್ಯಾಣ ನಿಧಿಗೆ ಕಟ್ಟಬೇಕು. ಕಾರಣ ತಿಳಿಸದೆ ಕೆಲಸದಿಂದ ತೆಗೆಯುವಂತಿಲ್ಲ. ಇದು ಭಿಕ್ಷೆ ಅಲ್ಲ, ಹಕ್ಕು. ಮೇಷ್ಟ್ರೇ, ಚೀಲ ಹೊರಲು ಊರು ಬಿಟ್ಟ ನಿಮ್ಮ ಶಿಷ್ಯನಿಗೆ ಇದನ್ನು ತಿಳಿಸಿ. ನೋಂದಣಿ ಮಾಡಿಸಿ. ಆದರೆ ಲಿಫ್ಟಿನ ಬಾಗಿಲನ್ನು ಈ ಕಾನೂನೊಂದೇ ತೆರೆಯಲಾರದು. ಅದನ್ನು ನಾವೇ ತಟ್ಟಬೇಕು, ಅಪ್ಪಂದಿರು ಕೆರೆ, ಹೋಟೆಲುಗಳಿಗೆ ನುಗ್ಗಿದ ಹಾಗೆ.

ಆರ್ಡರ್ ಸುಧಾರಿಸಿತೇ, ಎಷ್ಟು ಸ್ಟಾರ್ ಕೊಡುತ್ತೀರಿ ಅಂತ ಅಂಗಡಿ ನನ್ನನ್ನು ಕೇಳುತ್ತಿದೆ. ಹುಡುಗನಿಗೆ ಐದೂ ಕೊಟ್ಟೆ. ಅಂಗಡಿಗೆ? ಅವನು ಆ ಲಿಫ್ಟಿನಲ್ಲಿ ನಿಂತು ಮೇಲೆ ಹೋಗಲಿ. ಆಮೇಲೆ ಹೇಳ್ತೀನಿ.