ಮನೆ–ಹಿತ್ತಲು: ಬಾತುಕೋಳಿಯ ಮೇವು, ಮೊಟ್ಟೆಯ ರುಚಿ

ಕಳೆದ ಸೆಪ್ಟೆಂಬರ್ ತಿಂಗಳಿನಲ್ಲಿ ನಮ್ಮ ಕಿರಿಯ ಮಗನ ಹುಟ್ಟುಹಬ್ಬವಾಯಿತು. ಮಂಗಳೂರಿನಲ್ಲಿ ನಮ್ಮ ಹಿತ್ತಲಿಗೆ ತಾಗಿದಂತೆಯೇ ಬಾಯಮ್ಮನವರ ಹಿತ್ತಲು. ಅವರು ಸಾಕಿದ ಎಂಟು ಬಾತುಕೋಳಿಗಳ ಮೊಟ್ಟೆಯಿಂದಲೇ ಕೇಕು ಮಾಡಿದೆ. ಕೇಕು ಚೆನ್ನಾಗಿಯೇ ಉಬ್ಬಿತು. ಬಣ್ಣವಂತೂ ಕಣ್ಣಿಗೆ ಹಬ್ಬ. ಆದರೆ ಮೊದಲ ತುಂಡನ್ನು ಬಾಯಿಗಿಟ್ಟ ಮಗ, ನೆರೆದ ಗೆಳೆಯರೆಲ್ಲರ ಎದುರಿಗೆ, “ಅಮ್ಮಾ, ಇದಕ್ಕೆ ಮೀನು ಹಾಕಿದ್ದೀಯಾ?” ಎಂದು ಕೇಳಿಬಿಟ್ಟ!

ಮಕ್ಕಳ ಮಾತಿಗೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಮರುದಿನ ಬಾಯಮ್ಮ ಬಂದವರು ಮುಖ ಬಾಡಿಸಿಕೊಂಡು ಕುಳಿತರು. “ಎಲ್ಲರೂ ಮೊಟ್ಟೆ ಬೇಡವೆನ್ನುತ್ತಾರಮ್ಮಾ. ಬಾತುಗಳನ್ನು ಮಾರಿಬಿಡುತ್ತೇನೆ,” ಎಂದರು. ಆ ಮೊಟ್ಟೆಯ ಹಣದಿಂದಲೇ ಅವರ ಮೊಮ್ಮಗಳ ಶಾಲೆಯ ಖರ್ಚು ಸಾಗುತ್ತದೆಂಬುದನ್ನು ನಾನು ಬಲ್ಲೆ. ಹಿಂದೆಂದೂ ಇಲ್ಲದ ವಾಸನೆ ಈಗ ಎಲ್ಲಿಂದ ಬಂದಿತು?

ವಿಚಾರಿಸಿದಾಗ ವಿಷಯ ತಿಳಿಯಿತು. ಮಳೆಗಾಲದುದ್ದಕ್ಕೂ ಬಾತುಗಳು ತೋಟದಲ್ಲಿ ಬಸವನಹುಳು, ಎರೆಹುಳು, ಎಳೆಹುಲ್ಲುಗಳನ್ನು ಮೆಲ್ಲುತ್ತ ತೌಡನ್ನು ತಿಂದುಕೊಂಡಿದ್ದವು. ಮಳೆ ಕಡಮೆಯಾಗಿ ಮಾರುಕಟ್ಟೆಯಲ್ಲಿ ಬೂತಾಯಿ ಅಗ್ಗವಾದೊಡನೆ ಅದರ ತಲೆ, ಕರುಳುಗಳು ಬುಟ್ಟಿಗಟ್ಟಲೆ ಪುಕ್ಕಟೆಯಾಗಿ ದೊರೆಯತೊಡಗಿದವು. ಬಾಯಮ್ಮ ಅದನ್ನೇ ದಿನವೂ ಸುರಿದರು. ಬೂತಾಯಿ ಎಣ್ಣೆಯಂಶ ಹೆಚ್ಚಿರುವ ಮೀನು. ಹಕ್ಕಿ ತಿನ್ನುವ ಕೊಬ್ಬಿನ ಗುಣ ಮೊಟ್ಟೆಯ ಹಳದಿಯ ಕೊಬ್ಬಿಗೂ ಇಳಿಯುತ್ತದೆ. ಮೀನೆಣ್ಣೆ ಅತಿಯಾದರೆ ಅದರ ವಾಸನೆಯೂ ಜೊತೆಗೇ ಬರುತ್ತದೆ. ಖಾರ ಮಸಾಲೆಯ ಸಾರಿನಲ್ಲಿ ಅದು ಅಡಗೀತು. ಹಾಲು ಸಕ್ಕರೆಗಳ ತಿಂಡಿಯಲ್ಲಿ ಅಡಗದು.

ಮೇವಿನಿಂದ ಮೊಟ್ಟೆಯಲ್ಲಿ ಎಲ್ಲವೂ ಬದಲಾಗುತ್ತದೆಂದು ಮಾತ್ರ ತಿಳಿಯಬಾರದು. ಸಸಾರಜನಕದ ಪ್ರಮಾಣ ಹೆಚ್ಚುಕಡಮೆ ಒಂದೇ ತೆರನಾಗಿರುತ್ತದೆ. ಬದಲಾಗುವವು ಕೊಬ್ಬಿನ ಬಗೆ, ಕೆಲವು ಜೀವಸತ್ತ್ವಗಳು, ರುಚಿ ಮತ್ತು ಬಣ್ಣ. ಹಳದಿಯ ವರ್ಣದ್ರವ್ಯವನ್ನು ಹಕ್ಕಿ ತಾನಾಗಿ ತಯಾರಿಸಲಾರದು. ಹಸುರು ಸೊಪ್ಪು, ಮುಸುಕಿನ ಜೋಳ, ಸಿಗಡಿ ಮೊದಲಾದವುಗಳಿಂದಲೇ ಅದನ್ನು ಪಡೆಯಬೇಕು. ಬರಿಯ ಅಕ್ಕಿ, ತೌಡು ತಿಂದ ಬಾತಿನ ಮೊಟ್ಟೆಯ ಹಳದಿ ಬಿಳಿಚಿಕೊಳ್ಳುವುದು ಇದರಿಂದಲೇ. ಆದರೆ ಕೆಂಪಗಿದ್ದುದೆಲ್ಲ ಉತ್ತಮವೆಂದು ಮೋಸಹೋಗುವಂತಿಲ್ಲ. 2006ರಲ್ಲಿ ಚೀನಾದೇಶದಲ್ಲಿ ಮೇವಿಗೆ ಸೂಡಾನ್ ಎಂಬ ಕೈಗಾರಿಕೆಯ ಬಣ್ಣವನ್ನು ಬೆರೆಸಿ, ಕೆಂಪು ಹಳದಿಯ ಬಾತುಮೊಟ್ಟೆಗಳನ್ನು ಮಾರುತ್ತಿದ್ದುದು ಬಯಲಾಯಿತು.

ಮೀನನ್ನು ನಿಲ್ಲಿಸಿರೆಂದು ನಾನು ಹೇಳಿದ ಸಂಜೆಯೇ ಬಾಯಮ್ಮ ಅರ್ಧ ಬೆಲೆಗೆ ಸಿಕ್ಕಿತೆಂದು ನೆಲಗಡಲೆ ಹಿಂಡಿಯನ್ನು ತಂದರು. ನೋಡಿದರೆ ಅದರಲ್ಲಿ ಹಸುರು ಬೂಷ್ಟು! ಇದು ಮೀನಿನ ವಾಸನೆಗಿಂತ ಎಷ್ಟೋ ಪಾಲು ಕೆಟ್ಟದ್ದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿಕೋಳಿಗಳೂ ಅವುಗಳೊಡನೆ ಬಾತುಮರಿಗಳೂ ಸತ್ತುದು ಬೂಷ್ಟು ಹಿಡಿದ ಇಂಥ ಹಿಂಡಿಯಿಂದಲೇ. ಅದರಲ್ಲಿದ್ದ ವಿಷಕ್ಕೆ ಮುಂದೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಬಾತುಮರಿಗಳಿಗೆ ಅದು ಅತ್ಯಲ್ಪ ಪ್ರಮಾಣದಲ್ಲಿಯೂ ಮಾರಕ. ಅದರ ಅಂಶ ಮೊಟ್ಟೆಗೂ ಇಳಿಯಬಲ್ಲದು, ಬೇಯಿಸಿದರೆ ಹೋಗುವಂಥದಲ್ಲ. ಆ ಹಿಂಡಿಯನ್ನು ಮಣ್ಣಿನಲ್ಲಿ ಹೂಳಿಸಿದೆವು. ಹಣ ಹೋಯಿತೆಂದು ಬಾಯಮ್ಮ ನೊಂದರು; ಬಾತುಗಳು ಉಳಿದವು.

ಕೊನೆಗೆ ಗೊತ್ತುಮಾಡಿದ ಮೇವು ಇದು: ತೌಡು, ನುಚ್ಚು, ಒಡೆದ ಮುಸುಕಿನ ಜೋಳ, ಬೂಷ್ಟಿಲ್ಲದ ಒಣಹಿಂಡಿ, ಹೆಚ್ಚಿದ ಹರಿವೆ ಅಥವಾ ನುಗ್ಗೆಯ ಸೊಪ್ಪು. ಪುಡಿಮಾಡಿದ ಚಿಪ್ಪನ್ನು ಬೇರೆ ತಟ್ಟೆಯಲ್ಲಿ ಇಡಬೇಕು. ಓಡು ಬಹುಮಟ್ಟಿಗೆ ಸುಣ್ಣದ ಪದಾರ್ಥವೇ ಆದುದರಿಂದ ಅದಿಲ್ಲದಿದ್ದರೆ ಓಡು ತೆಳುವಾಗುವುದಲ್ಲದೆ ಹಕ್ಕಿಯ ಮೂಳೆಯೂ ಸವೆಯುತ್ತದೆ. ಮೂಗು ಮುಳುಗಿಸುವಷ್ಟು ಆಳದ ನೀರು ಬಳಿಯಲ್ಲೇ ಇರಬೇಕು. ಫಲ ಒಡನೆಯೇ ಕಾಣದು. ಒಂದು ಹಳದಿ ಬೆಳೆದು ಬಲಿಯಲು ಹತ್ತಾರು ದಿನ ಬೇಕು. ಆದುದರಿಂದ ಎರಡು ವಾರ ತಾಳ್ಮೆಯಿರಲಿ.

ಇನ್ನು ಅಡಿಗೆಯ ಮಾತು. ಬಾತುಮೊಟ್ಟೆ ಸುಮಾರು 70 ಗ್ರಾಂ ತೂಗುತ್ತದೆ. ಮೂರು ಕೋಳಿಮೊಟ್ಟೆಯ ಜಾಗದಲ್ಲಿ ಎರಡು ಸಾಕು. ಹಳದಿ ದೊಡ್ಡದು, ಕೊಬ್ಬೂ ಅಧಿಕ; ಕೇಕಿಗೆ ಬೆಣ್ಣೆಯನ್ನು ಒಂದು ಚಮಚ ಇಳಿಸಬಹುದು. ಬಿಳಿಯ ಭಾಗ ಬೇಗ ನೊರೆಯೇಳದಿದ್ದರೆ ನಾಲ್ಕು ಹನಿ ನಿಂಬೆರಸ ಸೇರಿಸಿರಿ. ಉರಿ ಜೋರಾದರೆ ಬಿಳಿ ರಬ್ಬರಿನಂತಾಗುತ್ತದೆ. ಸಣ್ಣ ಉರಿಯೇ ಲೇಸು. ಆದರೆ ಅರೆಬೆಂದುದನ್ನು ಎಂದಿಗೂ ಬಡಿಸಬೇಡಿರಿ. ಬಾತು ಕೆಸರಿನಲ್ಲಿಯೂ ಮೊಟ್ಟೆಯಿಡುತ್ತದೆ. ಸಾಲ್ಮೊನೆಲ್ಲಾ ರೋಗಾಣುವಿನ ಭಯ ಇದೆ. ಕುದಿ ಬಂದ ಮೇಲೆ 15 ನಿಮಿಷ ಮೆಲ್ಲನೆ ಬೇಯಲಿ. ಬಿಳಿಯೂ ಹಳದಿಯೂ ಗಟ್ಟಿಯಾಗಲಿ.

ಮೂರನೆಯ ವಾರ ಬಾಯಮ್ಮ ಆರು ಮೊಟ್ಟೆ ತಂದುಕೊಟ್ಟು, ಬಾಗಿಲಲ್ಲಿಯೇ ನಿಂತರು. ನಾನು ಮಗನಿಗೆ ಏನನ್ನೂ ತಿಳಿಸದೆ ಕೇಕು ಮಾಡಿಕೊಟ್ಟೆ. ಅವನು ಎರಡು ತುಂಡು ತಿಂದು, ಮೂರನೆಯದಕ್ಕೆ ಕೈನೀಡಿದ. ಬಾಯಮ್ಮ ಏನೂ ಹೇಳಲಿಲ್ಲ. ಹಿತ್ತಲಿಗೆ ಹೋಗಿ, “ಬಾ, ಬಾ” ಎಂದು ಬಾತುಗಳನ್ನು ಗೂಡಿಗೆ ಕರೆಯತೊಡಗಿದರು.